ಲೀನಿಯರ್ ಮೋಟಾರ್ ಕಿಟ್ ವಿಮರ್ಶೆ: ಕೊಳ್ಳುವ ಮೊದಲು ಚಾಲನೆಯ ಕ್ರಮವನ್ನು ನೋಡಿ

ಪೀಣ್ಯದ ನಮ್ಮ ಕಾರ್ಯಾಗಾರದಲ್ಲಿ ವಾಹನಗಳ ಸಣ್ಣ ಬಿಡಿಭಾಗಗಳನ್ನು ಕ್ಯಾಮೆರಾ ಮೂಲಕ ಅಳೆಯುವ ಯಂತ್ರವೊಂದನ್ನು ಕಟ್ಟಿದ್ದೇವೆ. ಅದರ ಎರಡು ಅಕ್ಷಗಳಿಗೆ ಬಾಲ್‌ಸ್ಕ್ರೂ (ಮೋಟಾರ್‌ನ ಸುತ್ತನ್ನು ನೇರ ಚಲನೆಯಾಗಿಸುವ ತಿರುಪು) ಬಿಟ್ಟು ಲೀನಿಯರ್ ಮೋಟಾರ್ (ಮ್ಯಾಗ್ನೆಟ್ ಸಾಲಿನ ಮೇಲೆ ಕಾಯಿಲ್ ನೇರವಾಗಿ ಸರಿಯುವ ಮೋಟಾರ್) ಹಾಕಲು ನಿರ್ಧರಿಸಿ, ಮೋಟಾರ್, ಸ್ಥಾನ ಅಳೆಯುವ ಎನ್‌ಕೋಡರ್, ಮೋಟಾರ್‌ಗೆ ವಿದ್ಯುತ್ ಹರಿಸಿ ನಿಯಂತ್ರಿಸುವ ಸರ್ವೋ ಡ್ರೈವ್, ಕೇಬಲ್, ಸೆಟಪ್ ಸಾಫ್ಟ್‌ವೇರ್ ಎಲ್ಲವೂ ಒಂದೇ ಕಡೆಯಿಂದ ಬರುವ ಕಿಟ್ ತರಿಸಿಕೊಂಡೆವು. ಅದನ್ನು ಚಾಲನೆಗೆ ತಂದುಕೊಡುವ ಸೇವೆಯೂ ಏಜೆಂಟರ ಕೊಟೇಶನ್‌ನಲ್ಲಿ ಸೇರಿತ್ತು. ತಯಾರಕರ ಹೆಸರನ್ನಾಗಲಿ ಏಜೆಂಟರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಈ ವರ್ಗದ ಕಿಟ್‌ಗಳ ರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಮುಂದೆ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಬೇರೆ ಹೆಸರಿನ ಕಿಟ್ ಕೊಳ್ಳುವವರಿಗೂ ಉಪಯೋಗಕ್ಕೆ ಬರುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೋಟಾರ್ ಮತ್ತು ಡ್ರೈವ್ ಕೊಟ್ಟ ಹಣಕ್ಕೆ ತಕ್ಕಂತಿವೆ, ಸಾಫ್ಟ್‌ವೇರ್ ಅವೆರಡಕ್ಕಿಂತಲೂ ಮೇಲಾಗಿದೆ, ಆದರೆ ಕಾರ್ಖಾನೆಯಿಂದ ಬರುವಾಗಿನ ಸೆಟ್ಟಿಂಗ್‌ಗಳು, ಕೈಪಿಡಿ ಮತ್ತು ಚಾಲನೆಯ ಸೇವೆ ಆ ಯಂತ್ರಾಂಶದ ಮಟ್ಟಕ್ಕೆ ಬರುವುದಿಲ್ಲ.

ಕೆಳಗಿನ ಅಕ್ಷಕ್ಕೆ 600 ಮಿ.ಮೀ. ಸ್ಟ್ರೋಕ್ (ಓಡುವ ಉದ್ದ), ಕಬ್ಬಿಣದ ತಿರುಳಿರುವ ಮೋಟಾರ್ ಮತ್ತು ವಿದ್ಯುತ್ ಬಂದ ಕ್ಷಣವೇ ತಾನಿರುವ ಸ್ಥಾನ ತಿಳಿಯುವ ಅಬ್ಸಲ್ಯೂಟ್ ಎನ್‌ಕೋಡರ್. ಅದು ಸಾಗಿಸಬೇಕಾದ ಒಟ್ಟು ತೂಕ ಸುಮಾರು 18 ಕೆ.ಜಿ. ಮೇಲಿನ ಅಕ್ಷಕ್ಕೆ 300 ಮಿ.ಮೀ. ಸ್ಟ್ರೋಕ್, ಯು ಆಕಾರದ ಮ್ಯಾಗ್ನೆಟ್ ಕಾಲುವೆಯೊಳಗೆ ಓಡುವ ಕಬ್ಬಿಣರಹಿತ ಕಾಯಿಲ್ ಮತ್ತು 20 ಮೈಕ್ರಾನ್ ಗೆರೆಗಳ ಸ್ಕೇಲನ್ನು 0.1 ಮೈಕ್ರಾನ್‌ವರೆಗೆ ವಿಭಜಿಸುವ ಇನ್‌ಕ್ರಿಮೆಂಟಲ್ ಎನ್‌ಕೋಡರ್ (ಸರಿದಷ್ಟನ್ನು ಮಾತ್ರ ಎಣಿಸುವಂಥದ್ದು). ಅದರ ತೂಕ 6 ಕೆ.ಜಿ. ಕಬ್ಬಿಣದ ತಿರುಳಿನ ಮೋಟಾರ್ ಅದೇ ಗಾತ್ರದಲ್ಲಿ ಹೆಚ್ಚು ಬಲ ಕೊಡುತ್ತದೆ, ಶಾಖವನ್ನು ಬೇಗ ಹೊರಗೆ ಬಿಡುತ್ತದೆ. ಆದರೆ ಮ್ಯಾಗ್ನೆಟ್‌ಗಳು ಅದರ ತಿರುಳನ್ನು ಸದಾ ಎಳೆಯುತ್ತಿರುವುದರಿಂದ ಗೈಡ್‌ವೇ (ಚಲಿಸುವ ಭಾಗವನ್ನು ಹೊತ್ತ ಹಳಿ) ಮೇಲೆ ಭಾರ ಬೀಳುತ್ತದೆ, ಚಲನೆಯಲ್ಲಿ ಸಣ್ಣ ತಡೆತಡೆ ಉಳಿಯುತ್ತದೆ. ಕಬ್ಬಿಣರಹಿತ ಮೋಟಾರ್‌ನಲ್ಲಿ ಇವೆರಡೂ ಇಲ್ಲ. ಅಳತೆಯ ಸೂಕ್ಷ್ಮತೆ ಬೇಕಾದ ಮೇಲಿನ ಅಕ್ಷಕ್ಕೆ ಕಬ್ಬಿಣರಹಿತ ಮೋಟಾರನ್ನೂ, ಭಾರ ಹೊರುವ ಕೆಳಗಿನ ಅಕ್ಷಕ್ಕೆ ಕಬ್ಬಿಣದ ತಿರುಳಿನದನ್ನೂ ಸೂಚಿಸಿದ ತಯಾರಕರ ಆಯ್ಕೆ ಸರಿಯಾಗಿಯೇ ಇತ್ತು.

ಬಾಲ್‌ಸ್ಕ್ರೂ ಯಂತ್ರಗಳಲ್ಲಿ ಪಳಗಿದವರು ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. 10 ಮಿ.ಮೀ. ಲೀಡ್ ಇರುವ ಸ್ಕ್ರೂ, ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ, 1 ನ್ಯೂಟನ್ ಮೀಟರ್ ಟಾರ್ಕನ್ನು ಸುಮಾರು 628 ನ್ಯೂಟನ್ ಬಲವಾಗಿ ಪರಿವರ್ತಿಸುತ್ತದೆ. ಭಾರದ ಕಡೆಯಿಂದ ಬರುವ ಏರುಪೇರನ್ನು ಅದೇ ಅನುಪಾತದಲ್ಲಿ ಮೋಟಾರ್‌ನಿಂದ ಮರೆಮಾಡುತ್ತದೆ. ಲೀನಿಯರ್ ಮೋಟಾರ್‌ನಲ್ಲಿ ಈ ಮಧ್ಯವರ್ತಿ ಇಲ್ಲ. ಕೇಬಲ್ ಎಳೆತ, ಗೈಡ್‌ವೇಯ ಬಿಗಿ, ಚೌಕಟ್ಟಿನ ಕಂಪನ ಎಲ್ಲವೂ ನೇರವಾಗಿ ಸರ್ವೋ ಲೂಪಿಗೆ, ಅಂದರೆ ಸ್ಥಾನ ಅಳೆದು ತಪ್ಪನ್ನು ಸದಾ ತಿದ್ದುವ ನಿಯಂತ್ರಣ ಚಕ್ರಕ್ಕೆ, ಬರುತ್ತವೆ. ಅಕ್ಷಕ್ಕೆ ಇರುವ ಬಿಗುವೆಲ್ಲ ಆ ಲೂಪ್ ಕೊಟ್ಟದ್ದೇ. ಆದ್ದರಿಂದ ಇಂಥ ಕಿಟ್‌ನ ಯೋಗ್ಯತೆಯನ್ನು ಕ್ಯಾಟಲಾಗಿನ ಗರಿಷ್ಠ ಬಲ ಮತ್ತು ವೇಗ ನೋಡಿ ತೀರ್ಮಾನಿಸಲಾಗದು. ಮೊದಲ ಬಾರಿ ವಿದ್ಯುತ್ ಕೊಡುವುದರಿಂದ ಹಿಡಿದು ನೆಮ್ಮದಿಯಾಗಿ ಓಡುವವರೆಗೆ ಅದು ನಮ್ಮನ್ನು ಹೇಗೆ ನಡೆಸುತ್ತದೆ, ತಪ್ಪಾದಾಗ ಏನು ತಪ್ಪಾಗಿದೆ ಎಂದು ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದನ್ನೇ ನಾನು ಇಲ್ಲಿ ಅಳೆಯಲು ಹೊರಟಿದ್ದೇನೆ.

ಜೋಡಣೆಯ ವಿಷಯದಲ್ಲಿ ಕಿಟ್‌ಗೆ ಪೂರ್ಣ ಅಂಕ. ಮ್ಯಾಗ್ನೆಟ್ ಟ್ರ್ಯಾಕ್‌ನ ತುಂಡುಗಳು ಒಂದೊಂದೂ ದಪ್ಪ ಮರದ ಹಲಗೆಯ ನಡುವೆ ಬಂದಿದ್ದವು, ಯಾವ ತುದಿ ಯಾವುದಕ್ಕೆ ಸೇರಬೇಕೆಂಬ ಗುರುತಿತ್ತು, ಕಾಯಿಲನ್ನು ನಿಧಾನವಾಗಿ ಇಳಿಸಲು ನಾಲ್ಕು ಜ್ಯಾಕ್ ಸ್ಕ್ರೂ, ಗಾಳಿಯಂತರ ಪರೀಕ್ಷಿಸಲು ಹಿತ್ತಾಳೆಯ ಶಿಮ್ ಜೊತೆಗಿದ್ದವು. ಉಕ್ಕಿನ ಫೀಲರ್ ಗೇಜ್ ಇಲ್ಲಿ ನಿಷ್ಪ್ರಯೋಜಕ, ಅದು ಮ್ಯಾಗ್ನೆಟ್‌ಗೆ ಅಂಟಿಕೊಂಡು ಬಿಡಿಸಲು ಬಾರದು. ಕಬ್ಬಿಣದ ತಿರುಳಿನ ಮೋಟಾರ್‌ನ ಆಕರ್ಷಣ ಬಲ ಅದರ ನಿರಂತರ ಚಾಲನಾ ಬಲಕ್ಕಿಂತ ಹಲವು ಪಟ್ಟು ಹೆಚ್ಚು. ನಡುವೆ ಬೆರಳು ಸಿಕ್ಕಿದರೆ ವಿದ್ಯುತ್ ಇಲ್ಲದಿದ್ದರೂ ಅದು ಬಿಡುವುದಿಲ್ಲ. ಪೇಸ್‌ಮೇಕರ್ ಇರುವವರು ಆ ಮೇಜಿನ ಹತ್ತಿರಕ್ಕೂ ಬರಬಾರದು ಎಂಬ ಎಚ್ಚರಿಕೆ ಪೆಟ್ಟಿಗೆಯ ಮೇಲೆ ಚಿತ್ರ ಸಮೇತ ಇತ್ತು. ನಮ್ಮಲ್ಲಿ ಡ್ರಿಲ್ಲಿಂಗ್, ಗ್ರೈಂಡಿಂಗ್ ಒಂದೇ ಶೆಡ್ಡಿನಲ್ಲಿ ನಡೆಯುವುದು ವಾಡಿಕೆ. ಉಕ್ಕಿನ ಪುಡಿ ಟ್ರ್ಯಾಕ್‌ಗೆ ಅಂಟಿದರೆ ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಕಿಟ್‌ನೊಂದಿಗೆ ಬರುವ ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆಯ ಜೊತೆಗೆ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಮಡಿಕೆಯ ಹೊದಿಕೆ) ಕೂಡ ಹಾಕಿಸಬೇಕೆಂದು ನನ್ನ ಸಲಹೆ. ಅದು ಕಿಟ್‌ನಲ್ಲಿ ಇಲ್ಲ.

ಇನ್ನು ಚಾಲನೆಗೆ ಬರೋಣ. ಡ್ರೈವ್‌ಗೆ ನಿಯಂತ್ರಣ ವಿದ್ಯುತ್ ಮಾತ್ರ ಕೊಟ್ಟು, ಮೋಟಾರ್ ವಿದ್ಯುತ್ ಕೊಡದೆ ಕ್ಯಾರೇಜನ್ನು (ಅಕ್ಷದ ಮೇಲೆ ಓಡುವ ಭಾಗವನ್ನು) ಕೈಯಿಂದ ತಳ್ಳಿ ಎನ್‌ಕೋಡರ್ ಎಣಿಕೆಯನ್ನು ನೋಡುವುದರಿಂದ ಸಾಫ್ಟ್‌ವೇರ್ ಆರಂಭವಾಗುತ್ತದೆ, ಮತ್ತು ಈ ಹೆಜ್ಜೆಯನ್ನು ಮುಗಿಸದೆ ಮುಂದಿನ ಪುಟ ತೆರೆಯುವುದಿಲ್ಲ. ಸ್ಕೇಲನ್ನು ಓದುವ ರೀಡ್‌ಹೆಡ್ ಮೇಲಿರುವ ಸಣ್ಣ ದೀಪ ಇಡೀ ಸ್ಟ್ರೋಕ್ ಉದ್ದಕ್ಕೂ ಹಸಿರಾಗಿಯೇ ಇರಬೇಕು. ಒಂದು ಕಡೆ ಕಿತ್ತಳೆಗೆ ತಿರುಗಿದರೆ ಅಲ್ಲಿ ಸ್ಕೇಲ್ ಮೇಲೆ ಕೊಳೆ ಇದೆ ಅಥವಾ ರೀಡ್‌ಹೆಡ್ಡಿನ ಎತ್ತರ ಸರಿಯಿಲ್ಲ ಎಂದರ್ಥ. ಇದೇ ಹಂತದಲ್ಲಿ ಸ್ಟ್ರೋಕ್‌ನ ತುದಿಗಳಲ್ಲಿ ಚಲನೆ ತಡೆಯುವ ಲಿಮಿಟ್ ಸ್ವಿಚ್‌ಗಳನ್ನು ಕೈಯಿಂದ ಒತ್ತಿ ನೋಡುವಂತೆ ಅದು ಹೇಳುತ್ತದೆ. ಎಷ್ಟೋ ಕಡೆ ಲಿಮಿಟ್ ಸ್ವಿಚ್ ಅದಲುಬದಲಾಗಿದ್ದದ್ದು ಗೊತ್ತಾಗುವುದು ಕ್ಯಾರೇಜ್ ತುದಿಗೆ ಬಡಿದ ಮೇಲೆಯೇ.

ಮುಂದಿನ ಹೆಜ್ಜೆಯೇ ಈ ಸಾಫ್ಟ್‌ವೇರ್‌ನಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು. ಮೂರು ಫೇಸ್‌ಗಳಿಗೆ ಕಡಿಮೆ ವಿದ್ಯುತ್ ಕೊಟ್ಟು, ಫೀಡ್‌ಬ್ಯಾಕ್ ನಂಬದೆ, ಅದರ ದಿಕ್ಕನ್ನು ಒಂದು ಸುತ್ತು ನಿಧಾನವಾಗಿ ತಿರುಗಿಸಲಾಗುತ್ತದೆ. ಕ್ಯಾರೇಜ್ ಆಗ ಒಂದು ಜೋಡಿ ಮ್ಯಾಗ್ನೆಟ್‌ಗಳಷ್ಟು ದೂರ, ನಮ್ಮ ಮೋಟಾರ್‌ನಲ್ಲಿ 32 ಮಿ.ಮೀ., ಸರಿಯಬೇಕು. ಎನ್‌ಕೋಡರ್ ಅದೇ 32 ತೋರಿಸಿದರೆ ಫೇಸ್‌ಗಳ ಕ್ರಮ, ಎನ್‌ಕೋಡರ್ ದಿಕ್ಕು, ಅದರ ರೆಸಲ್ಯೂಶನ್, ಮ್ಯಾಗ್ನೆಟ್ ಅಂತರ ನಾಲ್ಕೂ ಒಂದೇ ಏಟಿಗೆ ಖಚಿತವಾಗುತ್ತವೆ. ಅಂತರ ಸರಿಯಿದ್ದು ಚಿಹ್ನೆ ಋಣವಾಗಿದ್ದರೆ ಯಾವುದಾದರೂ ಎರಡು ಫೇಸ್‌ಗಳನ್ನು ಬದಲಿಸಬೇಕು, ಇಲ್ಲವೇ ಎನ್‌ಕೋಡರ್ ದಿಕ್ಕನ್ನು ತಿರುಗಿಸಬೇಕು. ನಮೂದಿಸಿದ ಅಂತರಕ್ಕೂ ಸರಿದ ದೂರಕ್ಕೂ ಎರಡು ಪಟ್ಟು ವ್ಯತ್ಯಾಸ ಬಂದರೆ ಉತ್ತರ ಧ್ರುವದಿಂದ ದಕ್ಷಿಣ ಧ್ರುವದವರೆಗಿನ ಅರ್ಧ ಅಂತರವನ್ನು ಯಾರೋ ಪೂರ್ಣ ಅಂತರವೆಂದು ನಮೂದಿಸಿದ್ದಾರೆ. ತಯಾರಕರು ಕ್ಯಾಟಲಾಗಿನಲ್ಲಿ ಕೆಲವೆಡೆ ಹೀಗೂ ಕೆಲವೆಡೆ ಹಾಗೂ ಬರೆಯುವುದರಿಂದ ಈ ಗೊಂದಲ ಸಾಮಾನ್ಯ. ಈ ಪರೀಕ್ಷೆಯನ್ನು ಮಾಡದೆ ಲೂಪ್ ಮುಚ್ಚಿದರೆ, ದಿಕ್ಕು ತಪ್ಪಿದ್ದ ಪಕ್ಷದಲ್ಲಿ, ಹಿಂದಕ್ಕೆ ಬಾ ಎಂದಷ್ಟೂ ಕ್ಯಾರೇಜ್ ಮುಂದಕ್ಕೆ ಓಡುತ್ತದೆ. ಗೇರ್ ಇಲ್ಲ, ಸ್ಕ್ರೂ ಇಲ್ಲ, ತಡೆಯಲು ರಬ್ಬರ್ ಬಂಪರ್ ಮಾತ್ರ. ಡ್ರೈವ್ ಈ ಹಂತದಲ್ಲಿ ಗರಿಷ್ಠ ವಿದ್ಯುತ್, ವೇಗ ಮತ್ತು ಫಾಲೋಯಿಂಗ್ ಎರರ್ (ಹೇಳಿದ ಸ್ಥಾನಕ್ಕೂ ಇರುವ ಸ್ಥಾನಕ್ಕೂ ಇರುವ ಅಂತರ) ಮಿತಿಗಳನ್ನು ತಾನಾಗಿಯೇ ಬಹಳ ಕೆಳಗೆ ಇಟ್ಟಿರುತ್ತದೆ ಎಂಬುದು ಒಳ್ಳೆಯ ವಿನ್ಯಾಸ.

ಈಗ ಕಮ್ಯುಟೇಶನ್, ಅಂದರೆ ಕಾಯಿಲಿನ ಸ್ಥಾನಕ್ಕೆ ತಕ್ಕಂತೆ ಮೂರು ಫೇಸ್‌ಗಳಿಗೆ ವಿದ್ಯುತ್ ಹಂಚುವುದು. ಕಿಟ್‌ನ ನಿಜವಾದ ಕೊರತೆ ಇರುವುದು ಇಲ್ಲಿ. ಲೀನಿಯರ್ ಮೋಟಾರ್ ಪೂರ್ಣ ಬಲ ಕೊಡಬೇಕಾದರೆ ಮ್ಯಾಗ್ನೆಟ್‌ಗಳ ಮೇಲೆ ಕಾಯಿಲ್ ಎಲ್ಲಿ ನಿಂತಿದೆ ಎಂಬುದು ಡ್ರೈವ್‌ಗೆ ತಿಳಿದಿರಬೇಕು. ಅಬ್ಸಲ್ಯೂಟ್ ಎನ್‌ಕೋಡರ್ ಇರುವ ಕೆಳಗಿನ ಅಕ್ಷದಲ್ಲಿ ಇದನ್ನು ಒಮ್ಮೆ ಅಳೆದು ಉಳಿಸಿದರೆ ಸಾಕು. ರೀಡ್‌ಹೆಡ್ಡನ್ನೋ ಕಾಯಿಲನ್ನೋ ಬಿಚ್ಚಿ ಹಾಕಿದಾಗ ಮಾತ್ರ ಮತ್ತೆ ಅಳೆಯಬೇಕು. ಇನ್‌ಕ್ರಿಮೆಂಟಲ್ ಎನ್‌ಕೋಡರ್ ಇರುವ ಮೇಲಿನ ಅಕ್ಷಕ್ಕೆ ಪ್ರತಿ ಸಲ ವಿದ್ಯುತ್ ಬಂದಾಗಲೂ ಹುಡುಕಾಟ ಹೊಸದಾಗಿ ನಡೆಯಬೇಕು. ಮ್ಯಾಗ್ನೆಟ್‌ಗಳನ್ನು ಗ್ರಹಿಸಿ ಸ್ಥಾನ ತಿಳಿಸುವ ಹಾಲ್ ಸೆನ್ಸರ್ ಕಿಟ್‌ನಲ್ಲಿ ಇಲ್ಲ, ಬೇರೆ ಹಣಕ್ಕೆ ಸಿಗುತ್ತದೆ. ಹಾಗಾಗಿ ಡ್ರೈವ್ ಒಂದು ನಿಗದಿತ ಕೋನದಲ್ಲಿ (ಒಂದು ಜೋಡಿ ಮ್ಯಾಗ್ನೆಟ್‌ಗಳ ದೂರವನ್ನು 360 ಡಿಗ್ರಿ ಎಂದು ಎಣಿಸಿದ ಕೋನ) ವಿದ್ಯುತ್ ಹರಿಸುತ್ತದೆ, ಕ್ಯಾರೇಜ್ ಸರಿದು ಆ ಕೋನಕ್ಕೆ ಬಂದು ನಿಲ್ಲುತ್ತದೆ, ಅದನ್ನೇ ಶೂನ್ಯವೆಂದು ಡ್ರೈವ್ ನಂಬುತ್ತದೆ. ಕ್ಯಾರೇಜ್ ಸರಿಯಾಗಿ ವಿರುದ್ಧ ಬಿಂದುವಿನಲ್ಲಿ ಇದ್ದರೆ ಸರಿಯುವುದೇ ಇಲ್ಲವಾದ್ದರಿಂದ ಎರಡನೆಯ ಕೋನದಲ್ಲೂ ಒಮ್ಮೆ ಪ್ರಯತ್ನಿಸುವ ಜಾಣತನ ಈ ಡ್ರೈವ್‌ಗೆ ಇದೆ.

ತೊಂದರೆ ಹೀಗೆ ಕಾಣಿಸಿಕೊಂಡಿತು. ಮೇಲಿನ ಅಕ್ಷಕ್ಕೆ ಸೆಕೆಂಡಿಗೆ ಸೆಕೆಂಡಿಗೆ 10 ಮೀಟರ್ ವೇಗವರ್ಧನೆ ಕೊಟ್ಟರೆ 6 ಕೆ.ಜಿ.ಗೆ 60 ನ್ಯೂಟನ್ ಬೇಕು. ಕೇಬಲ್‌ಗಳನ್ನು ಹೊತ್ತು ಸಾಗುವ ಡ್ರ್ಯಾಗ್ ಚೈನ್ ಮತ್ತು ಗೈಡ್‌ವೇಗಳ ಪ್ರತಿರೋಧ 20 ನ್ಯೂಟನ್ ಎಂದು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಅಳೆದಿದ್ದೆವು. ಮೋಟಾರ್‌ನ ಬಲಾಂಕ ಆಂಪಿಯರ್‌ಗೆ 40 ನ್ಯೂಟನ್. ಒಟ್ಟು 2 ಆಂಪಿಯರ್ ಸಾಕು. ವಿದ್ಯುತ್ತಿನ ಏರಿಳಿತ ತೋರಿಸುವ ಸ್ಕೋಪ್‌ನಲ್ಲಿ ಕೆಲವು ದಿನ 2 ಆಂಪಿಯರ್‌ಗೆ ಸಮೀಪವೇ ಕಾಣುತ್ತಿತ್ತು, ಕೆಲವು ದಿನ 2.7ರವರೆಗೆ ಏರುತ್ತಿತ್ತು. ಏಜೆಂಟರ ಇಂಜಿನಿಯರ್ ಫೋನಿನಲ್ಲಿ ಕೊಟ್ಟ ವಿವರಣೆ, ಕೈಪಿಡಿಯ ಬಲಾಂಕ ಆರ್‌ಎಂಎಸ್ (ಪರಿಣಾಮಕಾರಿ ಸರಾಸರಿ) ಮೌಲ್ಯಕ್ಕೆ, ಸ್ಕೋಪ್ ತೋರಿಸುವುದು ಪೀಕ್ (ಗರಿಷ್ಠ) ಮೌಲ್ಯವನ್ನು, ಹಾಗಾಗಿ 1.41 ಪಟ್ಟು ವ್ಯತ್ಯಾಸ ಸಹಜ ಎಂಬುದಾಗಿತ್ತು. ಕೈಪಿಡಿಯಲ್ಲಿ ಯಾವುದು ಯಾವ ಮೌಲ್ಯವೆಂದು ಎಲ್ಲೂ ಬರೆಯದೆ ಇರುವುದರಿಂದ ಈ ವಿವರಣೆ ಒಪ್ಪುವಂತೆಯೇ ಕಾಣುತ್ತದೆ. ಆದರೆ ಮಾಪನದ ರೀತಿಯಿಂದ ಬಂದ ವ್ಯತ್ಯಾಸ ದಿನದಿಂದ ದಿನಕ್ಕೆ ಬದಲಾಗಲು ಕಾರಣವಿಲ್ಲ. ಯಂತ್ರವನ್ನು ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಮಾತ್ರ ಅಂಕಿ ಬದಲಾಗುತ್ತದೆ, ನಡುವೆ ಬದಲಾಗುವುದಿಲ್ಲ ಎಂಬುದನ್ನು ಗಮನಿಸಿದ ಮೇಲೆ ದೋಷ ಶೂನ್ಯವನ್ನು ಹುಡುಕುವ ಹಂತದಲ್ಲೇ ಇದೆ ಎಂಬುದು ಸ್ಪಷ್ಟವಾಯಿತು.

ಲೆಕ್ಕ ಸರಳವಾಗಿದೆ. ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ನಲ್ಲಿ ಈ ಹುಡುಕಾಟದ ವಿದ್ಯುತ್ 0.75 ಆಂಪಿಯರ್, ಅಂದರೆ ಹೆಚ್ಚೆಂದರೆ 30 ನ್ಯೂಟನ್ ಬಲ. ಕ್ಯಾರೇಜ್ ನಿಜವಾದ ಶೂನ್ಯಕ್ಕೆ ಹತ್ತಿರವಾದಂತೆ ಎಳೆಯುವ ಬಲ ಸೈನ್ ಅನುಪಾತದಲ್ಲಿ ಕುಗ್ಗುತ್ತದೆ. ಅದು ಪ್ರತಿರೋಧಕ್ಕೆ ಸಮವಾದ ಕಡೆ ಕ್ಯಾರೇಜ್ ನಿಂತುಬಿಡುತ್ತದೆ. ಡ್ರ್ಯಾಗ್ ಚೈನ್ ಹೆಚ್ಚು ಬಿಗಿಯಾಗಿರುವ ತುದಿಯಲ್ಲಿ 20 ನ್ಯೂಟನ್ ಪ್ರತಿರೋಧವಿದ್ದರೆ ಆ ತಪ್ಪು ಸುಮಾರು 42 ಡಿಗ್ರಿ, ದೂರದಲ್ಲಿ 3.7 ಮಿ.ಮೀ. ಆಗ ಅದೇ ವಿದ್ಯುತ್ತಿಗೆ ಸಿಗುವ ಬಲ ನಾಲ್ಕರಲ್ಲಿ ಮೂರು ಪಾಲಿಗೆ ಇಳಿಯುತ್ತದೆ, ಅದೇ ಕೆಲಸಕ್ಕೆ 34 ಶೇಕಡಾ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಕಾಯಿಲಿನ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾದ್ದರಿಂದ ಅದು 1.8 ಪಟ್ಟಾಗುತ್ತದೆ. ಸ್ಟ್ರೋಕ್‌ನ ಮಧ್ಯದಲ್ಲಿ ಪ್ರತಿರೋಧ ಸುಮಾರು 8 ನ್ಯೂಟನ್ ಮಾತ್ರ. ಅಲ್ಲಿ ಸ್ವಿಚ್ ಆನ್ ಮಾಡಿದರೆ ತಪ್ಪು 16 ಡಿಗ್ರಿಯೊಳಗೆ ಉಳಿದು, ಬಲದ ನಷ್ಟ 4 ಶೇಕಡಾ ದಾಟುವುದಿಲ್ಲ. ಹಿಂದಿನ ದಿನ ಕ್ಯಾರೇಜನ್ನು ಎಲ್ಲಿ ನಿಲ್ಲಿಸಿ ಮನೆಗೆ ಹೋಗಿದ್ದರು ಎಂಬುದರ ಮೇಲೆ ಮರುದಿನದ ಮೋಟಾರ್‌ನ ಶಾಖ ನಿರ್ಧಾರವಾಗುತ್ತಿತ್ತು. ತಪ್ಪು 90 ಡಿಗ್ರಿ ಮೀರಿದರೆ ಬಲದ ದಿಕ್ಕೇ ತಿರುಗಿ ಕ್ಯಾರೇಜ್ ಹಿಡಿತ ತಪ್ಪಿ ಓಡುತ್ತದೆ. ಬಂಪರ್‌ಗೆ ಒರಗಿ ನಿಂತ ಕ್ಯಾರೇಜ್ ಬಂಪರ್ ಇರುವ ದಿಕ್ಕಿಗೇ ಸರಿಯಬೇಕಾಗಿ ಬಂದಾಗ ಇಂಥ ಅಪಾಯವಿದೆ.

ಪರಿಹಾರ ಡ್ರೈವ್‌ನಲ್ಲೇ ಇತ್ತು. ಹುಡುಕಾಟದ ವಿದ್ಯುತ್ತನ್ನು 3 ಆಂಪಿಯರ್‌ಗೆ ಏರಿಸಿದರೆ 120 ನ್ಯೂಟನ್ ಸಿಕ್ಕಿ, ಅದೇ ಕೆಟ್ಟ ತುದಿಯಲ್ಲೂ ತಪ್ಪು 10 ಡಿಗ್ರಿಯೊಳಗೆ ಬರುತ್ತದೆ. ಅದಕ್ಕಿಂತ ಉತ್ತಮವಾದ ಇನ್ನೊಂದು ಸೌಲಭ್ಯವಿದೆ: ಹೋಮಿಂಗ್ (ಆರಂಭದ ಸ್ಥಾನ ಹುಡುಕುವ) ವೇಳೆ ಸ್ಕೇಲ್ ಮೇಲಿನ ಇಂಡೆಕ್ಸ್ ಗುರುತನ್ನು ದಾಟಿದ ಕ್ಷಣದಲ್ಲಿ, ಒಮ್ಮೆ ಎಚ್ಚರಿಕೆಯಿಂದ ಅಳೆದು ಉಳಿಸಿದ ಕೋನವನ್ನು ಡ್ರೈವ್ ತಾನಾಗಿ ಹಾಕಿಕೊಳ್ಳುತ್ತದೆ. ಇದನ್ನು ಚಾಲೂ ಮಾಡಿದ ಮೇಲೆ ಪ್ರತಿ ದಿನವೂ 2 ಆಂಪಿಯರ್ ಆಸುಪಾಸಿನಲ್ಲೇ ಇದೆ. ಇಷ್ಟು ಬೆಲೆಬಾಳುವ ಸೌಲಭ್ಯವನ್ನು ಕಾರ್ಖಾನೆಯಲ್ಲಿ ಮುಚ್ಚಿಟ್ಟು ಕಳಿಸುವುದು, ಅದರ ಬಗ್ಗೆ ಕೈಪಿಡಿಯ ಪ್ಯಾರಾಮೀಟರ್ ಪಟ್ಟಿಯಲ್ಲಿ ಒಂದು ಸಾಲು ಬರೆದು ಸುಮ್ಮನಾಗುವುದು ನನಗೆ ಸಮ್ಮತವಲ್ಲ. ಹೊಸದಾಗಿ ಕೊಳ್ಳುವವರು ಎರಡೂ ಅಕ್ಷಗಳಿಗೆ ಅಬ್ಸಲ್ಯೂಟ್ ಎನ್‌ಕೋಡರ್ ತೆಗೆದುಕೊಂಡರೆ ಈ ಪುರಾಣವೇ ಇರುವುದಿಲ್ಲ; ಬೆಲೆಯ ವ್ಯತ್ಯಾಸವನ್ನು ಅದು ನಿಸ್ಸಂಶಯವಾಗಿ ತೀರಿಸುತ್ತದೆ.

ಕಾರ್ಖಾನೆಯ ಸೆಟ್ಟಿಂಗ್ ಬಗ್ಗೆ ಇನ್ನೊಂದು ದೂರು ಗಂಭೀರವಾದದ್ದು. ಕಾಯಿಲಿನೊಳಗೆ ಉಷ್ಣ ಸಂವೇದಕ ಇದೆ, ತಂತಿಯೂ ಕನೆಕ್ಟರ್‌ವರೆಗೆ ಬಂದಿದೆ, ಆದರೆ ಡ್ರೈವ್ ಅದನ್ನು ಗಮನಿಸದಂತೆ ಹೊಂದಿಸಿ ಕಳಿಸಲಾಗಿತ್ತು. ವಿದ್ಯುತ್ತಿನ ವರ್ಗವನ್ನು ಕಾಲದೊಂದಿಗೆ ಕೂಡಿಸುತ್ತಾ ಹೋಗುವ ಲೆಕ್ಕದ ರಕ್ಷಣೆ ಇದೆಯಲ್ಲ ಎಂದು ಏಜೆಂಟರು ಹೇಳುತ್ತಾರೆ. ಆ ಲೆಕ್ಕಕ್ಕೆ ಶೆಡ್ಡಿನ ಬಿಸಿ ಗೊತ್ತಿಲ್ಲ, ಮುಚ್ಚಿಹೋದ ಗಾಳಿಯ ದಾರಿ ಗೊತ್ತಿಲ್ಲ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುವುದರಿಂದ, 50 ಡಿಗ್ರಿ ಬಿಸಿಯಾದ ಕಾಯಿಲ್ ಅದೇ ವಿದ್ಯುತ್ತಿಗೆ ಐದನೇ ಒಂದು ಪಾಲು ಹೆಚ್ಚು ಶಾಖ ಉತ್ಪಾದಿಸುತ್ತದೆ. ಕೊಂಡ ಮೊದಲ ದಿನವೇ ಈ ಸಂವೇದಕವನ್ನು ಚಾಲೂ ಮಾಡಿ, ಪ್ಯಾನೆಲ್‌ನಲ್ಲಿ ಅದರ ತಂತಿಯನ್ನು ಒಮ್ಮೆ ಬಿಚ್ಚಿ ಡ್ರೈವ್ ಟ್ರಿಪ್ ಆಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಟ್ಯೂನಿಂಗ್‌ಗೆ ಸಾಫ್ಟ್‌ವೇರ್ ಕೊಡುವ ಉಪಕರಣಗಳು ಬಹಳ ಚೆನ್ನಾಗಿವೆ. ಕರೆಂಟ್ ಲೂಪನ್ನು ಕಾಯಿಲಿನ ರೆಸಿಸ್ಟೆನ್ಸ್ ಮತ್ತು ಇಂಡಕ್ಟೆನ್ಸ್ ತಾನೇ ಅಳೆದು ಹೊಂದಿಸುತ್ತದೆ. ನಂತರ ಅಕ್ಷವನ್ನು ಬೇರೆ ಬೇರೆ ಆವರ್ತನಗಳಲ್ಲಿ ನಡುಗಿಸಿ ಪ್ರತಿ ಆವರ್ತನಕ್ಕೂ ಅಕ್ಷ ಹೇಗೆ ಸ್ಪಂದಿಸುತ್ತದೆ ಎಂದು ತೋರಿಸುವ ಬೋಡೆ ನಕ್ಷೆಯನ್ನು ಬಿಡಿಸುತ್ತದೆ. ನಮ್ಮ ಕೆಳಗಿನ ಅಕ್ಷ ಕ್ಯಾಮೆರಾ ಸ್ಟ್ಯಾಂಡ್ ಹಾಕಿದ ಮೇಲೆ ನಿಂತಲ್ಲೇ ಕೀರಲು ಸದ್ದು ಮಾಡತೊಡಗಿದಾಗ, ಆ ನಕ್ಷೆಯಲ್ಲಿ 380 ಹರ್ಟ್ಸ್ ಹತ್ತಿರ ಚೂಪಾದ ಶಿಖರವೊಂದು ಕಂಡಿತು. ಆಟೋ ಟ್ಯೂನ್ ಒತ್ತಿದರೆ ಅದು ಮಾಡುವುದು ಆ ಆವರ್ತನದ ಮೇಲೆ ನಾಚ್ ಫಿಲ್ಟರ್ (ಆ ಒಂದು ಆವರ್ತನವನ್ನು ಮಾತ್ರ ತಗ್ಗಿಸುವ ಸೋಸುಕ) ಹಾಕಿ ಸದ್ದನ್ನು ಅಡಗಿಸುವುದು. ನಮ್ಮ ಹಿರಿಯ ಫಿಟ್ಟರ್ ಅದಕ್ಕೆ ಒಪ್ಪದೆ, ಸ್ಟ್ಯಾಂಡಿನ ಬುಡದ ಪ್ಲೇಟ್ ಕೂತಿರುವ ಮೈಯನ್ನು ಎಲ್ಲಿ ತಾಗುತ್ತದೆಂದು ತೋರಿಸುವ ಬ್ಲೂ ಬಣ್ಣ ಹಚ್ಚಿ ಪರೀಕ್ಷಿಸಿದರು. ಒಂದು ಮೂಲೆ ಕೂತಿರಲೇ ಇಲ್ಲ. ಅದನ್ನು ಸ್ಕ್ರೇಪ್ ಮಾಡಿ ಬಿಗಿದ ಮೇಲೆ ಶಿಖರ ತಗ್ಗಿ ಮೇಲಿನ ಆವರ್ತನಕ್ಕೆ ಸರಿಯಿತು, ಫಿಲ್ಟರ್ ಇಲ್ಲದೆಯೇ ಗೇನ್ (ತಪ್ಪನ್ನು ಲೂಪ್ ತಿದ್ದುವ ತೀವ್ರತೆ) ಏರಿಸಲು ಅವಕಾಶವಾಯಿತು. ಫಿಲ್ಟರ್ ಪ್ರತಿಯೊಂದೂ ಲೂಪಿಗೆ ಒಂದಿಷ್ಟು ವಿಳಂಬವನ್ನು ಸೇರಿಸುತ್ತದೆ, ಫೇಸ್ ಮಾರ್ಜಿನ್ (ಅಕ್ಷ ತಾನಾಗಿ ಕುಣಿಯದಂತೆ ಕಾಯುವ ಅಂತರ) ತಿನ್ನುತ್ತದೆ. 30 ಡಿಗ್ರಿಗಿಂತ ಕಡಿಮೆ ಮಾರ್ಜಿನ್ ಉಳಿದ ಅಕ್ಷ ಇಂದು ಓಡಿದರೂ ಗ್ರೀಸ್ ಬದಲಾದ ದಿನ ಕುಣಿಯಬಹುದು. ಆಟೋ ಟ್ಯೂನ್ ಮುಗಿದ ಮೇಲೆ ಉಳಿದ ಮಾರ್ಜಿನ್ ಎಷ್ಟೆಂದು ಸಾಫ್ಟ್‌ವೇರ್ ತೋರಿಸುತ್ತದೆ, ಆದರೆ ಕಡಿಮೆಯಿದ್ದರೂ ಎಚ್ಚರಿಕೆ ಕೊಡುವುದಿಲ್ಲ. ಆ ಸಂಖ್ಯೆಯ ಬಣ್ಣವನ್ನಾದರೂ ಕೆಂಪಾಗಿಸಬಹುದಿತ್ತು.

ಚಾಲನೆಯ ಸೇವೆಯ ಬಗ್ಗೆ ನನಗಿರುವ ಅಸಮಾಧಾನವೂ ಇದಕ್ಕೇ ಸೇರಿದ್ದು. ಏಜೆಂಟರ ಇಂಜಿನಿಯರ್ ಬಂದ ದಿನ ಕ್ಯಾಮೆರಾ ಸ್ಟ್ಯಾಂಡ್ ಇನ್ನೂ ಹಾಕಿರಲಿಲ್ಲ. ಖಾಲಿ ಕ್ಯಾರೇಜಿನ ಮೇಲೆ ಆಟೋ ಟ್ಯೂನ್ ನಡೆಸಿ, ಅಕ್ಷ ಹಿಂದೆ ಮುಂದೆ ಓಡುವುದನ್ನು ತೋರಿಸಿ, ವರದಿಗೆ ಸಹಿ ಹಾಕಿಸಿಕೊಂಡು ಅವರು ಹೊರಟರು. ಭಾರ ಬದಲಾದರೆ ಕರೆಂಟ್ ಲೂಪ್ ಬಿಟ್ಟು ಉಳಿದ ಗೇನ್‌ಗಳೂ ವೇಗವರ್ಧನೆಯ ಫೀಡ್‌ಫಾರ್ವರ್ಡ್ (ಮುಂದಾಗಿಯೇ ಕೊಡುವ ಬಲದ ಅಂದಾಜು) ಕೂಡ ಬದಲಾಗಬೇಕು ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ಅಂತಿಮ ಭಾರ ಹಾಕಿದ ಮೇಲೆ ಮತ್ತೊಮ್ಮೆ ಬರುವುದು ಕೊಟೇಶನ್‌ನಲ್ಲಿ ಇರಲಿಲ್ಲ ಅಷ್ಟೇ. ವೈಯಕ್ತಿಕವಾಗಿ ಅವರು ಸೌಜನ್ಯದವರು, ಫೋನ್ ಮಾಡಿದಾಗಲೆಲ್ಲ ಎತ್ತಿದರು. ಆ ಗುಣವನ್ನು ನಾನು ಕಡೆಗಣಿಸುವುದಿಲ್ಲ.

ಕೇಬಲ್ ವಿಷಯದಲ್ಲಿ ತಯಾರಕರು ಉಳಿತಾಯ ಮಾಡಬಾರದ ಕಡೆ ಉಳಿಸಿದ್ದಾರೆ. ಎನ್‌ಕೋಡರ್ ಕೇಬಲ್ಲಿನ ಶೀಲ್ಡ್ ಕನೆಕ್ಟರ್‌ನ ಲೋಹದ ಕವಚವನ್ನು ಸುತ್ತಲೂ ಹಿಡಿದುಕೊಂಡಿರಬೇಕು. ಇಲ್ಲಿ ಅದನ್ನು ಹೊಸೆದು ಬಾಲದಂತೆ ಮಾಡಿ ಒಂದು ಪಿನ್‌ಗೆ ಬೆಸೆದು, ಮೇಲೆ ಪ್ಲಾಸ್ಟಿಕ್ ಕವಚ ಹಾಕಲಾಗಿತ್ತು. ಡ್ರೈವ್ ಎನೇಬಲ್ ಆಗಿ ಅಕ್ಷ ಸುಮ್ಮನೆ ನಿಂತಿದ್ದಾಗಲೂ ಅಳತೆ ಗಂಟೆಗಳ ಅವಧಿಯಲ್ಲಿ ಕೆಲವು ಮೈಕ್ರಾನ್ ಸರಿಯುತ್ತಿತ್ತು. ಮೋಟಾರ್ ತಂತಿಗಳಲ್ಲಿ ಸ್ವಿಚ್ ಆಗುವ ವೋಲ್ಟೇಜ್ ಎನ್‌ಕೋಡರ್ ತಂತಿಗೆ ಹಾರಿ ಸುಳ್ಳು ಎಣಿಕೆಗಳನ್ನು ಸೇರಿಸುತ್ತಿದೆ ಎಂಬ ಅನುಮಾನವನ್ನು ಡ್ರೈವ್‌ನ ಇಂಡೆಕ್ಸ್ ಪರೀಕ್ಷೆ ದೃಢಪಡಿಸಿತು. ಇಂಡೆಕ್ಸ್ ಗುರುತನ್ನು ಪ್ರತಿ ಬಾರಿ ದಾಟುವಾಗ ಎಣಿಕೆ ಅದೇ ಆಗಿರಬೇಕು, ಆದರೆ ಅದು ಬದಲಾಗುತ್ತಿತ್ತು. ಲೋಹದ ಕವಚದ ಕನೆಕ್ಟರ್ ಹಾಕಿಸಿ, ಶೀಲ್ಡನ್ನು ಸುತ್ತಲೂ ಕ್ಲಾಂಪ್ ಮಾಡಿ, ಡ್ರ್ಯಾಗ್ ಚೈನ್‌ನಲ್ಲಿ ಮೋಟಾರ್ ಕೇಬಲ್ಲಿಗೂ ಎನ್‌ಕೋಡರ್ ಕೇಬಲ್ಲಿಗೂ ನಡುವೆ ವಿಭಾಜಕ ಹಾಕಿದ ಮೇಲೆ ಸರಿಯುವುದು ನಿಂತಿತು. ಅಂದಹಾಗೆ, ಬಣ್ಣ ಬಳಿದ ಪ್ಯಾನೆಲ್ ಪ್ಲೇಟಿನ ಮೇಲೆ ಡ್ರೈವ್ ಕೂರಿಸಿ ಅರ್ಥಿಂಗ್ ಆಯಿತೆಂದು ತಿಳಿಯುವವರು ನಮ್ಮಲ್ಲಿ ಬಹಳ ಮಂದಿ. ಬಣ್ಣ ಕೆರೆದು ಲೋಹಕ್ಕೆ ಲೋಹ ಕೂಡಿಸಬೇಕು.

ಓವರ್‌ವೋಲ್ಟೇಜ್ ಟ್ರಿಪ್ ರಾತ್ರಿ ಪಾಳಿಯಲ್ಲಿ ಮಾತ್ರ ಬರುತ್ತಿದ್ದದ್ದು ಮೊದಲಿಗೆ ಒಗಟಾಗಿತ್ತು. 18 ಕೆ.ಜಿ. ತೂಕ ಸೆಕೆಂಡಿಗೆ 1.5 ಮೀಟರ್ ವೇಗದಿಂದ ನಿಂತಾಗ ಸುಮಾರು 20 ಜೂಲ್ ಶಕ್ತಿ ಡ್ರೈವ್‌ನ ಕೆಪ್ಯಾಸಿಟರ್‌ಗಳಿಗೆ ಮರಳಲು ನೋಡುತ್ತದೆ. 230 ವೋಲ್ಟ್ ಇರುವಾಗ ಡಿಸಿ ಬಸ್ (ಡ್ರೈವ್‌ನೊಳಗಿನ ನೇರ ವಿದ್ಯುತ್ ಸಾಲು) 325 ವೋಲ್ಟ್. ಟ್ರಿಪ್ ಮಟ್ಟ 390. ಡ್ರೈವ್‌ನ 1000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್‌ಗಳಲ್ಲಿ ಇವೆರಡರ ನಡುವೆ 23 ಜೂಲ್ ಹಿಡಿಸುತ್ತದೆ. ಸುತ್ತಲಿನ ಕಾರ್ಖಾನೆಗಳು ಮುಚ್ಚಿದ ರಾತ್ರಿ ಹೊತ್ತು ಲೈನ್ 250 ವೋಲ್ಟ್‌ಗೆ ಏರಿದರೆ ಬಸ್ 354 ತಲುಪಿ, 13 ಜೂಲ್‌ಗೆ ಮಾತ್ರ ಜಾಗ ಉಳಿಯುತ್ತದೆ. ಹೆಚ್ಚುವರಿ ಶಕ್ತಿಯನ್ನು ಶಾಖವಾಗಿಸುವ ಬ್ರೇಕ್ ರೆಸಿಸ್ಟರ್ ಹಾಕಿದರೆ ಮುಗಿಯಿತು; ಡ್ರೈವ್‌ನಲ್ಲಿ ಅದಕ್ಕೆ ಟರ್ಮಿನಲ್ ಇದೆ, ಕಿಟ್‌ನಲ್ಲಿ ರೆಸಿಸ್ಟರ್ ಇಲ್ಲ. ಇಲ್ಲಿ ಡ್ರೈವ್‌ನ ದೋಷ ದಾಖಲೆಯನ್ನು ಹೊಗಳಲೇಬೇಕು. ಟ್ರಿಪ್ ಆದ ಕ್ಷಣದ ಬಸ್ ವೋಲ್ಟೇಜ್, ವೇಗ, ವಿದ್ಯುತ್, ಸಮಯ ನಾಲ್ಕನ್ನೂ ಅದು ಉಳಿಸಿಡದೆ ಇದ್ದಿದ್ದರೆ ಲೈನ್ ವೋಲ್ಟೇಜ್ ಕಡೆ ಯಾರ ಗಮನವೂ ಹೋಗುತ್ತಿರಲಿಲ್ಲ. ಕೈಪಿಡಿ ಮಾತ್ರ ಆ ದೋಷ ಸಂಖ್ಯೆಯ ಎದುರು "ವಿದ್ಯುತ್ ಪೂರೈಕೆ ಪರೀಕ್ಷಿಸಿ" ಎಂದಷ್ಟೇ ಹೇಳುತ್ತದೆ.

ಸುರಕ್ಷತೆಗೆ ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಸೌಲಭ್ಯ ಎರಡೂ ಡ್ರೈವ್‌ಗಳಲ್ಲಿ ಇದೆ, ಐಇಸಿ 61800-5-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎರಡು ಚಾನೆಲ್‌ಗಳೊಂದಿಗೆ. ಅದು ಮೋಟಾರ್‌ಗೆ ಬಲ ಕೊಡುವುದನ್ನು ನಿಲ್ಲಿಸುತ್ತದೆ, ಓಡುತ್ತಿರುವ ಕ್ಯಾರೇಜನ್ನು ನಿಲ್ಲಿಸುವುದಿಲ್ಲ. ಇದೇ ಕಿಟ್ಟನ್ನು ಲಂಬ ಅಕ್ಷಕ್ಕೆ ಬಳಸುವ ಯೋಚನೆ ಇರುವವರು, ಎಸ್‌ಟಿಒ ಒತ್ತಿದಾಗ ಭಾರ ನೇರ ಕೆಳಗೆ ಬೀಳುತ್ತದೆ ಎಂಬುದನ್ನು ಅರಿತು ಬ್ರೇಕ್ ಅಥವಾ ಪ್ರತಿಭಾರದ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು.

ಎಲ್ಲ ಸರಿಹೋದ ಮೇಲೆ ಯಂತ್ರದ ನಡವಳಿಕೆ ತೃಪ್ತಿಕರವಾಗಿದೆ. ಕ್ಯಾರೇಜ್ ನಿಂತಲ್ಲಿ ಎನ್‌ಕೋಡರ್ ಅಂಕಿ ಒಂದೆರಡು ಎಣಿಕೆಗಿಂತ ಹೆಚ್ಚು ಅಲುಗುವುದಿಲ್ಲ, ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಎಂಬ ಮಾತೇ ಇಲ್ಲ, ಸವೆಯುವ ಭಾಗಗಳು ಗೈಡ್‌ವೇ ಮತ್ತು ಅಲುಗುವ ಕೇಬಲ್‌ಗಳು ಮಾತ್ರ. ಎನ್‌ಕೋಡರ್ ಅಂಕಿಯನ್ನೇ ಭಾಗದ ನಿಜ ಅಳತೆಯೆಂದು ತಿಳಿಯಬಾರದು. ಕಾಯಿಲಿನ ಶಾಖ ಅಲ್ಯೂಮಿನಿಯಂ ಕ್ಯಾರೇಜಿಗೆ ಹರಿಯುತ್ತದೆ, 300 ಮಿ.ಮೀ. ಅಲ್ಯೂಮಿನಿಯಂ 5 ಡಿಗ್ರಿ ಬಿಸಿಯಾದರೆ ಸುಮಾರು 35 ಮೈಕ್ರಾನ್ ಹಿಗ್ಗುತ್ತದೆ, ಮತ್ತು 0.1 ಮೈಕ್ರಾನ್ ಎನ್‌ಕೋಡರ್‌ಗೆ ಅದು ಕಾಣುವುದಿಲ್ಲ. ಬೆಳಗ್ಗೆ ಅರ್ಧ ಗಂಟೆ ಖಾಲಿ ಓಡಿಸಿದ ಮೇಲೆಯೇ ನಾವು ಅಳತೆ ಆರಂಭಿಸುತ್ತೇವೆ.

ಯಾರು ಕೊಳ್ಳಬೇಕು? ಮೈಕ್ರಾನ್ ಮಟ್ಟದ ಪುನರಾವರ್ತನೆಯೂ ವೇಗವೂ ಒಟ್ಟಿಗೆ ಬೇಕಾದ ಅಳತೆ ಯಂತ್ರ, ಲೇಸರ್ ಯಂತ್ರ, ಎಲೆಕ್ಟ್ರಾನಿಕ್ ಜೋಡಣೆ ಯಂತ್ರ ಕಟ್ಟುವವರು, ತಮ್ಮಲ್ಲಿ ಸ್ಕೋಪ್ ನಕ್ಷೆ ಓದಬಲ್ಲ ಒಬ್ಬರಾದರೂ ಇದ್ದರೆ, ಇದನ್ನು ಧೈರ್ಯವಾಗಿ ಕೊಳ್ಳಬಹುದು. ಡ್ರಿಲ್ಲಿಂಗ್ ಫಿಕ್ಸ್ಚರ್ ಸರಿಸಲು, ಪೆಟ್ಟಿಗೆ ತಳ್ಳಲು ಬಾಲ್‌ಸ್ಕ್ರೂ ಮತ್ತು ಸಾಮಾನ್ಯ ಸರ್ವೋ ಸಾಕು, ಅಗ್ಗ, ರಿಪೇರಿ ಮಾಡುವವರೂ ಪೀಣ್ಯದ ಪ್ರತಿ ಅಡ್ಡರಸ್ತೆಯಲ್ಲಿ ಸಿಗುತ್ತಾರೆ. ಕೊಳ್ಳುವವರು ಪರ್ಚೇಸ್ ಆರ್ಡರ್‌ನಲ್ಲಿಯೇ ಬರೆಸಬೇಕಾದವು: ಎರಡೂ ಅಕ್ಷಗಳಿಗೆ ಅಬ್ಸಲ್ಯೂಟ್ ಎನ್‌ಕೋಡರ್, ಲೋಹದ ಕವಚದ ಕನೆಕ್ಟರ್ ಇರುವ ಕೇಬಲ್, ಬ್ರೇಕ್ ರೆಸಿಸ್ಟರ್, ಬಲಾಂಕ ಆರ್‌ಎಂಎಸ್ಸೋ ಪೀಕೋ ಎಂಬುದರ ಲಿಖಿತ ಉತ್ತರ, ಮತ್ತು ಅಂತಿಮ ಭಾರ ಹಾಕಿದ ಮೇಲೆ ಇನ್ನೊಮ್ಮೆ ಬಂದು ಬೋಡೆ ನಕ್ಷೆ ಸಮೇತ ವರದಿ ಕೊಡುವ ಷರತ್ತು. ಚಾಲನೆ ಮುಗಿದ ದಿನವೇ ಎರಡೂ ಡ್ರೈವ್‌ಗಳ ಪ್ಯಾರಾಮೀಟರ್ ಫೈಲನ್ನು ಎರಡು ಕಡೆ ಉಳಿಸಿಟ್ಟುಕೊಳ್ಳಿ. ವಾರಂಟಿಯಲ್ಲಿ ಬದಲಿಸಿ ಕೊಡುವ ಡ್ರೈವ್ ಮತ್ತೆ ಅದೇ 0.75 ಆಂಪಿಯರ್ ಸೆಟ್ಟಿಂಗ್‌ನೊಂದಿಗೆ ಬರುತ್ತದೆ.